ಕೊಬ್ಬು ಸಂಪಾದಿಸಿದವಳು

ರೇಸ್ ಕೋರ್ಸಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಸಾಸಿವೆ. ಆಳು ಕಾಳಿನಷ್ಟೇ ಇದ್ದಳು, ಬಿಸಿ ತಾಕಿದರೆ ಸಿಡಿಯುವ ಗುಣವೂ ಇತ್ತು. ಅವಳಪ್ಪ ಅಲ್ಲಿನ ಲಾಯದಲ್ಲಿ ಕುದುರೆಗಳ ಮೈ ತಿಕ್ಕಿ ಮೇವು ಹಾಕುತ್ತಿದ್ದವನು. ತಾಯಿಯಿಲ್ಲದ ಮಗುವನ್ನು ಮನೆಯಲ್ಲಿ ಬಿಡಲಾಗದೆ ದಿನವೂ ಕಂಕುಳಲ್ಲಿ ಎತ್ತಿಕೊಂಡು ಲಾಯಕ್ಕೆ ಬರುತ್ತಿದ್ದ. ಹಾಗಾಗಿ ಅವಳು ನೆಟ್ಟಗೆ ನಡೆಯುವುದನ್ನು ಕಲಿಯುವ ಮೊದಲೇ ಕುದುರೆಯ ಮೇಲೆ ಕೂರುವುದನ್ನು ಕಲಿತಳು. ಅಪ್ಪ ತೀರಿಕೊಂಡ ಮೇಲೆ ಅಕ್ಕ ಸಾಕಿದಳು. ಅಕ್ಕ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುವವಳು, ಭಾವ ಕ್ಷೌರಿಕ. ಒಂದೇ ಕಟ್ಟಡದಲ್ಲಿ ಕೆಳಗೆ ಎರಡು ಅಂಗಡಿ, ಮೇಲೆ ಮನೆ. ಹೊಲಿಗೆ ಯಂತ್ರದ ಸದ್ದು ಒಂದು ಕಡೆ, ಭಾವನ ಬಾಯಿಯ ಸದ್ದು ಇನ್ನೊಂದು ಕಡೆ. ಎರಡರಲ್ಲಿ ಯಾವುದಕ್ಕೆ ಎಣ್ಣೆ ಕಡಿಮೆ ಹಾಕಬೇಕು ಎಂದು ಅಕ್ಕ ಆಗಾಗ ಕೇಳುತ್ತಿದ್ದಳು.

ಸಾಸಿವೆ ಬೆಳೆದು ಪಂದ್ಯದ ಕುದುರೆ ಓಡಿಸುವ ಜಾಕಿಯಾದಳು. ಅವಳನ್ನು ತಯಾರು ಮಾಡಿದವರು ಲಾಯದ ತರಬೇತುದಾರರು. ಎಲ್ಲರೂ ಅವರನ್ನು ಮೇಷ್ಟ್ರು ಅನ್ನುತ್ತಿದ್ದರು. ಒಂದು ಕಾಲದಲ್ಲಿ ತಾವೂ ಸವಾರಿ ಮಾಡಿ ಹೆಸರು ಗಳಿಸಿದವರು. ಈಗ ಅವರಿಗಿಂತ ಮೊದಲು ಅವರ ಹೊಟ್ಟೆ ಬಾಗಿಲು ದಾಟಿ ಒಳಗೆ ಬರುತ್ತಿತ್ತು.

ಕುದುರೆ ಎಷ್ಟು ಭಾರ ಹೊತ್ತು ಓಡಬೇಕು ಎಂಬುದನ್ನು ಪಂದ್ಯಕ್ಕೆ ಮುಂಚೆಯೇ ಗೊತ್ತುಮಾಡಿರುತ್ತಾರೆ. ಸವಾರನ ಮೈ, ಬೂಟು, ಜೀನು ಎಲ್ಲವೂ ಸೇರಿ ಆ ಲೆಕ್ಕ. ಓಟಕ್ಕೆ ಮೊದಲು ಜೀನನ್ನು ಎದೆಗವಚಿಕೊಂಡು ತಕ್ಕಡಿಯ ಮೇಲೆ ನಿಲ್ಲಬೇಕು, ಓಟ ಮುಗಿದ ಮೇಲೆ ಇನ್ನೊಂದು ಸಲ ನಿಲ್ಲಬೇಕು. ಮೈ ಹಗುರವಾಗಿದ್ದವರಿಗೆ ಒಳ್ಳೆಯ ಕುದುರೆ ಸಿಗುತ್ತದೆ, ಭಾರವಾದವರು ಬೇಲಿಯ ಹೊರಗೆ ನಿಂತು ಚಪ್ಪಾಳೆ ತಟ್ಟುತ್ತಾರೆ. "ಬೆವರು ಸುರಿಸಿ ಇಳಿಸಿದ ತೂಕ ಒಂದು ಲೋಟ ನೀರಿಗೆ ವಾಪಸ್ ಬರುತ್ತೆ. ಕೊಬ್ಬು ಕರಗಿಸು, ಅದು ಹೋದ್ರೆ ಹೋದ ಹಾಗೇ" ಎಂದು ಮೇಷ್ಟ್ರು ಎಲ್ಲ ಸವಾರರಿಗೂ ಹೇಳುತ್ತಿದ್ದರು. ಬೇರೆಯವರು ಹೂಂ ಅಂದು ಸಂಜೆಗೆ ಕರಿದ ತಿಂಡಿಯ ಅಂಗಡಿಗೆ ಹೋಗುತ್ತಿದ್ದರು. ಸಾಸಿವೆ ಮಾತ್ರ ಆ ಮಾತನ್ನು ಗಂಟುಹಾಕಿಕೊಂಡಳು.

ಅವಳ ಹಠದ ವಿಷಯ ಗೊತ್ತಿದ್ದವರಿಗೆ ಮುಂದಿನದನ್ನು ಹೇಳುವುದೇ ಬೇಡ. ಎಣ್ಣೆ ಬಿಟ್ಟಳು. ಬೆಣ್ಣೆ ಬಿಟ್ಟಳು. ಹಾಲಿನ ಕೆನೆ ತೆಗೆದಳು, ಆಮೇಲೆ ಹಾಲನ್ನೇ ತೆಗೆದಳು. ಮೊಟ್ಟೆ ಬೇಯಿಸಿ ಹಳದಿಯನ್ನು ಬೀದಿ ಬೆಕ್ಕಿಗೆ ಹಾಕಿ ಬಿಳಿಯನ್ನು ತಾನು ತಿಂದಳು, ಬೆಕ್ಕು ಗುಂಡಗಾಯಿತು. ಅಕ್ಕನ ಅಡುಗೆಮನೆಯಲ್ಲಿ ತನ್ನದೇ ಒಂದು ಪಾತ್ರೆ ಇಟ್ಟುಕೊಂಡು, ಅದಕ್ಕೆ ಜಿಡ್ಡು ಸೋಕಿದ ಸೌಟನ್ನೂ ಹಾಕಗೊಡದೆ ತರಕಾರಿಯನ್ನು ಬರೀ ನೀರಲ್ಲಿ ಬೇಯಿಸಿಕೊಂಡಳು.

"ಎಣ್ಣೆ ಬಂದಾಗ ಕಣ್ಣು ಮುಚ್ಕೊಂಡ್ರು ಅಂತ ಗಾದೆ ಕೇಳಿದ್ದೆ. ನೀನು ಬಾಯಿ ಮುಚ್ಕೋತೀಯಲ್ಲೇ" ಅಂದಳು ಅಕ್ಕ.

"ಗೆಲ್ಲೋದು ಬೇಡ್ವಾ?"

"ಗೆಲ್ಲು. ಗೆದ್ದವಳು ಕಣ್ಣಿಗೆ ಕಾಣೋಷ್ಟಾದ್ರೂ ಉಳ್ಕೋ."

ಅವಳು ಗೆದ್ದಳು. ಬೇಕಾದಷ್ಟು ಸಲ ಗೆದ್ದಳು. ಮೊಂಡಿ ಎಂಬ ಅಡ್ಡಹೆಸರಿನ ಕಂದು ಕುದುರೆಯೊಂದಿತ್ತು. ಯಾರನ್ನೂ ಮೈಮೇಲೆ ಕೂರಗೊಡದ ಆ ಹೆಣ್ಣು ಕುದುರೆ ಸಾಸಿವೆ ಏರಿದರೆ ಮಾತ್ರ ಕಿವಿ ಮುಂದೆ ಮಾಡಿ ಓಡುತ್ತಿತ್ತು. ಹಠಮಾರಿಗೆ ಹಠಮಾರಿ ಜೊತೆ ಎಂದು ಲಾಯದವರು ನಗುತ್ತಿದ್ದರು. ಅವಳ ಮುಟ್ಟು ನಿಂತು ಹೋಯಿತು. ಪಂದ್ಯದ ದಿನ ಒಂದು ತಾಪತ್ರಯ ಕಡಿಮೆ ಎಂದುಕೊಂಡು ಅದನ್ನು ಯಾರಿಗೂ ಹೇಳಲಿಲ್ಲ. ಬೇಸಿಗೆಯಲ್ಲೂ ಕೈಬೆರಳು ತಣ್ಣಗಿರುತ್ತಿದ್ದವು. ಅದಕ್ಕೂ ಕೈಗವಸು ಹಾಕಿಕೊಂಡಳು.

ಮೊದಲು ಬದಲಾವಣೆ ಕಂಡದ್ದು ಭಾವನ ಕಣ್ಣಿಗೆ. ಒಂದು ಭಾನುವಾರ ಅವಳ ಕೂದಲು ಕತ್ತರಿಸಲು ಕುರ್ಚಿಯಲ್ಲಿ ಕೂರಿಸಿಕೊಂಡವನು ಎಂದಿನಂತೆ ಮಾತಾಡುತ್ತಾ ಮಾತಾಡುತ್ತಾ ನಡುವೆ ಸುಮ್ಮನಾದ. ಆ ಅಂಗಡಿಯಲ್ಲಿ ಅವನು ಸುಮ್ಮನಾದದ್ದನ್ನು ಯಾರೂ ಕಂಡಿರಲಿಲ್ಲ.

"ಏನ್ ಭಾವ, ನಾಲಿಗೆ ಕತ್ತರಿಸ್ಕೊಂಡ್ರಾ?"

"ಬಾಚಣಿಗೆ ಹಾಕಿದ್ರೆ ಸಾಕು, ಕೈಗೆ ಬರ್ತಿದೆ ಕೂದಲು. ಕತ್ತರಿಗೆ ಕೆಲಸಾನೇ ಇಲ್ಲ. ಏನಾಗ್ತಿದೆ ನಿಂಗೆ?"

"ಏನಿಲ್ಲ."

ಏನಿಲ್ಲ ಅನ್ನುವುದು ಒಂದು ರೀತಿಯಲ್ಲಿ ನಿಜವೇ ಆಗಿತ್ತು. ಅವಳೊಳಗೆ ಏನೂ ಇರಲಿಲ್ಲ. ದುಃಖವಾಗಿದ್ದರೆ ಅತ್ತು ಹಗುರಾಗಬಹುದಿತ್ತು, ಇದು ಅದಲ್ಲ. ಬೆಳಕು ಹರಿಯುವ ಮೊದಲೇ ಎಚ್ಚರವಾಗುತ್ತಿತ್ತು. ಎಚ್ಚರವಾದ ಕೂಡಲೇ ಎದೆಯ ಮೇಲೆ ಒದ್ದೆ ಕಂಬಳಿ ಹೊದಿಸಿದಂತೆ ಭಾರ. ಲಾಯದ ಹುಲ್ಲಿನ ವಾಸನೆ, ಕುದುರೆಯ ಬಿಸಿ ಉಸಿರು, ಮೊದಲೆಲ್ಲ ಯಾವುದು ಮೂಗಿಗೆ ಬಿದ್ದರೆ ಮೈ ಜುಮ್ಮೆನ್ನುತ್ತಿತ್ತೋ ಅದು ಈಗ ಬರೀ ವಾಸನೆ. ಆ ರೇಸ್ ಋತುವಿನ ದೊಡ್ಡ ಪಂದ್ಯವನ್ನು ಗೆದ್ದು ಇಳಿದಾಗ ಎಲ್ಲರೂ ಬೆನ್ನು ತಟ್ಟುತ್ತಿದ್ದರು, ಅವಳು ಯಾರದೋ ಮದುವೆಗೆ ತಪ್ಪಿ ಬಂದವಳಂತೆ ನಡುವೆ ನಿಂತಿದ್ದಳು. ಇದಕ್ಕೆ ಒಂದು ಹೆಸರಿರಬಹುದು ಎಂದು ಅವಳಿಗೆ ಹೊಳೆಯಲಿಲ್ಲ. ನಾನು ಸೋಮಾರಿಯಾಗುತ್ತಿದ್ದೇನೆ ಎಂದುಕೊಂಡಳು. ಸೋಮಾರಿತನಕ್ಕೆ ಅವಳಿಗೆ ಗೊತ್ತಿದ್ದ ಮದ್ದು ಒಂದೇ: ಇನ್ನೂ ಎರಡು ತುತ್ತು ಕಡಿಮೆ ಮಾಡುವುದು.

ಒಂದು ಬೆಳಿಗ್ಗೆ ಮೊಂಡಿಯನ್ನು ಓಡಿಸಲು ಹೊರಟಳು. ಇಬ್ಬನಿ ಇತ್ತು. ತಿರುವು ದಾಟಿ ನೇರ ದಾರಿಗೆ ಬಂದಾಗ ಕುದುರೆ ಪೂರ್ತಿ ವೇಗದಲ್ಲಿತ್ತು, ಪಕ್ಕದಲ್ಲಿ ಬೇಲಿಯ ಬಿಳಿ ಕಂಬಗಳು ಒಂದರ ಹಿಂದೊಂದು ಓಡುತ್ತಿದ್ದವು. ಆಗ ಅವಳ ತಲೆಗೆ ಒಂದು ಯೋಚನೆ ಬಂತು. ಅಂಗಡಿಯಿಂದ ಬರುವಾಗ ಉಪ್ಪು ತರಬೇಕು ಅನ್ನುವಷ್ಟು ಸಾದಾ ಯೋಚನೆ: ಲಗಾಮು ಬಿಟ್ಟುಬಿಟ್ಟರೆ ಆಯಿತಲ್ಲ.

ಅವಳು ಹೆದರಿದ್ದು ಆ ಯೋಚನೆಗಲ್ಲ. ಅದು ಬಂದಾಗ ತನಗೆ ಹೆದರಿಕೆಯಾಗಲಿಲ್ಲವಲ್ಲ, ಅದಕ್ಕೆ. ಬೆರಳುಗಳನ್ನು ಬಿಗಿದಳು. ಮೊಂಡಿಯನ್ನು ಮೆಲ್ಲಗೆ ನಡಿಗೆಗೆ ತಂದಳು, ಇಳಿದಳು, ಕುದುರೆಯನ್ನು ಲಾಯದವರ ಕೈಗೆ ಕೊಟ್ಟಳು. ಮೇಷ್ಟ್ರು ಏನೋ ಕೂಗಿ ಕೇಳಿದರು. ಉತ್ತರ ಕೊಡದೆ, ಬೂಟನ್ನೂ ಬಿಚ್ಚದೆ ಅಕ್ಕನ ಅಂಗಡಿಗೆ ನಡೆದಳು.

ಅಕ್ಕ ನೀಲಿ ಚಡ್ಡಿಯೊಂದಕ್ಕೆ ಅಂಚು ಹೊಲಿಯುತ್ತಿದ್ದಳು.

"ಅಕ್ಕ, ಇವತ್ತು ಕುದುರೆ ಮೇಲಿಂದ ಬಿದ್ದುಬಿಡೋಣ ಅನ್ನಿಸ್ತು."

ಯಂತ್ರ ನಿಂತಿತು. "ಬೀಳೋದು ಅಂದ್ರೆ?"

"ಮತ್ತೆ ಏಳದ ಹಾಗೆ."

ಅಕ್ಕ ಅಳಲಿಲ್ಲ, ಬಯ್ಯಲಿಲ್ಲ. ಸೂಜಿಯಿಂದ ಬಟ್ಟೆಯನ್ನು ಬಿಡಿಸಿದಳು, ಅಂಗಡಿಯ ಬಾಗಿಲು ಎಳೆದಳು. "ಹೇಳಿದ್ದು ಒಳ್ಳೇದಾಯ್ತು. ನಡಿ" ಅಂದಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ತಂಗಿಯ ತಣ್ಣನೆ ಕೈಯನ್ನು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡು ಕೂತಳು.

ಆಸ್ಪತ್ರೆಯಲ್ಲಿ ಸಿಕ್ಕ ಡಾಕ್ಟರಮ್ಮ ಅವಸರವಿಲ್ಲದ ಹೆಂಗಸು. ಮಧ್ಯವಯಸ್ಸು, ಕನ್ನಡಕ ಯಾವಾಗಲೂ ತಲೆಯ ಮೇಲೆ. ನಿದ್ದೆ, ಊಟ, ಮುಟ್ಟು, ಕೆಲಸ, ಮನೆ, ಬೆಳಗಿನ ಆ ಯೋಚನೆ, ಎಲ್ಲವನ್ನೂ ಸುತ್ತಿಬಳಸದೆ ಕೇಳಿದರು. ರಕ್ತ ತೆಗೆಸಿದರು. ಇಕ್ಕಳದಂಥ ಒಂದು ಸಲಕರಣೆಯಿಂದ ತೋಳಿನ ಹಿಂದೆ, ಸೊಂಟದ ಮೇಲೆ, ತೊಡೆಯ ಹತ್ತಿರ ಚರ್ಮವನ್ನು ಹಿಡಿದು ಅಳೆದರು. ರಕ್ತದ ಫಲಿತಾಂಶ ಬರುವವರೆಗೂ ಇಬ್ಬರನ್ನೂ ಹೊರಗಿನ ಬೆಂಚಿನಲ್ಲಿ ಕೂರಿಸಿ, ಮಧ್ಯಾಹ್ನದ ಮೇಲೆ ಮತ್ತೆ ಕರೆದರು.

"ನಿನಗೆ ಖಿನ್ನತೆ ಇದೆಯಮ್ಮ. ಅದು ಕಾಯಿಲೆ. ಸೋಮಾರಿತನ ಅಲ್ಲ, ಕೆಟ್ಟ ಗುಣಾನೂ ಅಲ್ಲ. ಜೊತೆಗೆ ಇನ್ನೊಂದಿದೆ. ಎಲ್ಲಿ ಹಿಡಿದ್ರೂ ಇಕ್ಕಳಕ್ಕೆ ಚರ್ಮ ಬಿಟ್ರೆ ಏನೂ ಸಿಗ್ತಿಲ್ಲ. ನಿನ್ನ ಮೈಯಲ್ಲಿ ಕೊಬ್ಬಿಲ್ಲ."

ಸಾಸಿವೆಯ ಮುಖದಲ್ಲಿ ಮೆಚ್ಚುಗೆ ಸಿಕ್ಕವಳ ಹೆಮ್ಮೆ ಒಂದು ಕ್ಷಣ ಮಿನುಗಿತು. ಡಾಕ್ಟರಮ್ಮ ಅದನ್ನು ಗಮನಿಸಿದರು.

"ಹೊಗಳಿದ್ದಲ್ಲ. ತಲೆಬುರುಡೆ ಒಳಗಿರೋ ಮಿದುಳು ಏನು ಅಂದ್ಕೊಂಡಿದ್ದೀಯ? ನೀರು ಬಿಟ್ಟು ಲೆಕ್ಕ ಹಾಕಿದ್ರೆ ಅರ್ಧಕ್ಕಿಂತ ಹೆಚ್ಚು ಕೊಬ್ಬೇ. ಅದರ ಒಂದೊಂದು ಜೀವಕೋಶದ ಗೋಡೆಯಲ್ಲೂ ಕೊಬ್ಬಿದೆ. ಒಂದು ಕೋಶ ಇನ್ನೊಂದಕ್ಕೆ ಸುದ್ದಿ ಕಳಿಸೋ ತಂತಿಗಳಿಗೆ ಹೊದಿಕೆ ಇದೆಯಲ್ಲ, ಅದೂ ಕೊಬ್ಬು. ಕೆಲವು ಬಗೆಯ ಕೊಬ್ಬನ್ನ ಮೈ ತಾನೇ ಮಾಡ್ಕೊಳ್ಳುತ್ತೆ. ಕೆಲವನ್ನ ಮಾಡ್ಕೊಳ್ಳೋಕಾಗಲ್ಲ, ಊಟದಿಂದಲೇ ಬರಬೇಕು. ನೀನು ಬಾಗಿಲು ಹಾಕಿ ಕೂತಿದ್ದೀಯ."

"ನಾನು ತಿನ್ನದೇ ಇದ್ರೂ ಬದುಕಿದ್ದೀನಲ್ಲ."

"ಬದುಕಿದ್ದೀಯ. ಹೇಗೆ ಅಂತ ಕೇಳು. ಮೈಯಲ್ಲಿ ಕೊಬ್ಬು ಸಾಕಷ್ಟಿದ್ರೆ ಅದು ಮಿದುಳಿಗೆ ಸಮಾಚಾರ ಕಳಿಸ್ತಾ ಇರುತ್ತೆ: ಮನೇಲಿ ದವಸ ಇದೆ, ಚಿಂತೆ ಬೇಡ ಅಂತ. ಆ ಸಮಾಚಾರ ನಿಂತ್ರೆ ಮಿದುಳು ಬರಗಾಲ ಬಂತು ಅಂದ್ಕೊಳ್ಳುತ್ತೆ. ಆಗ ಏನು ಮಾಡುತ್ತೆ? ಖರ್ಚು ಕಡಿಮೆ ಮಾಡುತ್ತೆ. ಮುಟ್ಟು ನಿಲ್ಲಿಸುತ್ತೆ. ಕೈಕಾಲು ಬೆಚ್ಚಗಿಡೋದು ನಿಲ್ಲಿಸುತ್ತೆ. ಕೂದಲು ಯಾಕೆ ಅನ್ನುತ್ತೆ. ಆಮೇಲೆ ಸಂತೋಷ ಯಾಕೆ ಅನ್ನುತ್ತೆ."

ಅಕ್ಕ ಇಷ್ಟು ಹೊತ್ತು ಸೆರಗಿನ ತುದಿ ಸುತ್ತುತ್ತಾ ಕೇಳುತ್ತಿದ್ದಳು. "ಹಂಗಾದ್ರೆ ಬೆಣ್ಣೆ ತಿನ್ನಿಸಿದ್ರೆ ಸರಿಹೋಗ್ತಾಳಾ ಡಾಕ್ಟ್ರೇ? ಇವತ್ತಿಂದಲೇ ತಿನ್ನಿಸ್ತೀನಿ, ಕಟ್ಟಿಹಾಕಿ ಬೇಕಾದ್ರೂ."

"ಅಷ್ಟು ಸುಲಭ ಆಗಿದ್ರೆ ನಾನು ಆಸ್ಪತ್ರೆ ಮುಚ್ಚಿ ಬೆಣ್ಣೆ ಅಂಗಡಿ ಇಡ್ತಿದ್ದೆ. ಖಿನ್ನತೆಗೆ ನೂರು ದಾರಿ ಇರುತ್ತೆ. ಚೆನ್ನಾಗಿ ತಿಂದುಂಡು ಇರೋರಿಗೂ ಬರುತ್ತೆ. ಮೀನಲ್ಲಿರೋ ಒಂದು ಬಗೆ ಕೊಬ್ಬು ಕೆಲವರಿಗೆ ಮಾತ್ರೆ ಜೊತೆ ಸ್ವಲ್ಪ ಆಸರೆ ಆಗುತ್ತೆ, ಕೆಲವರಿಗೆ ಏನೂ ಆಗಲ್ಲ. ಇನ್ನೂ ಹುಡುಕ್ತಾನೇ ಇದ್ದಾರೆ. ಇವಳಿಗೆ ಊಟ ಬೇಕು, ಮಾತ್ರೆ ಬೇಕು, ವಾರವಾರ ಬಂದು ಮಾತಾಡೋದು ಬೇಕು. ಮೂರರಲ್ಲಿ ಒಂದನ್ನ ಬಿಟ್ರೂ ಕುಂಟುತ್ತೆ. ನಾನು ಹೇಳೋವರೆಗೂ ಕುದುರೆ ಹತ್ತೋ ಹಾಗಿಲ್ಲ. ಮನೇಲಿ ಒಬ್ಬಳೇ ಇರೋ ಹಾಗಿಲ್ಲ." ಆಮೇಲೆ ಸಾಸಿವೆಯ ಕಡೆ ತಿರುಗಿದರು. "ಬೆಳಿಗ್ಗೆ ಬಂದಂಥ ಯೋಚನೆ ಮತ್ತೆ ಬಂದ್ರೆ, ಎಷ್ಟೇ ಸಣ್ಣದಾಗಿರಲಿ, ಆಗಿಂದಾಗ್ಲೇ ಅಕ್ಕನಿಗೆ ಹೇಳ್ಬೇಕು. ಇವತ್ತು ಹೇಳಿದ್ಯಲ್ಲ, ಹಾಗೇ. ಆಗುತ್ತಾ?"

ಕುದುರೆ ಹತ್ತಬಾರದು ಎಂದಾಗ ಸಾಸಿವೆಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ತನಗೆ ಸಿಟ್ಟು ಕೂಡ ಬರುತ್ತಿಲ್ಲ ಎಂಬುದು ಅವಳಿಗೆ ಎಲ್ಲಕ್ಕಿಂತ ಕೆಟ್ಟದಾಗಿ ಕಂಡಿತು.

"ಆಗುತ್ತೆ" ಅಂದಳು.

ಉಪವಾಸಕ್ಕೆ ಹಿಡಿದ ಹಠವನ್ನು ಊಟಕ್ಕೆ ತಿರುಗಿಸುವುದು ಓಡುವ ಕುದುರೆಯನ್ನು ಹಿಂದಕ್ಕೆ ನಡೆಸಿದ ಹಾಗೆ. ಮೊದಲ ದಿನ ಅಕ್ಕ ಎಣ್ಣೆಯಲ್ಲಿ ಕರಿದ ಮೊಟ್ಟೆಯನ್ನು ಹಳದಿ ಸಮೇತ ತಟ್ಟೆಗೆ ಹಾಕಿ ಎದುರು ಕೂತಳು. ತಟ್ಟೆಯಲ್ಲಿ ಹಾವು ಕಂಡಂತೆ ಸಾಸಿವೆ ಹಿಂದೆ ಸರಿದಳು. ಹಳದಿ ಒಡೆದು ತಟ್ಟೆಯಲ್ಲಿ ಹರಿಯಿತು. ತುತ್ತು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದಳು, ನುಂಗಿದಳು. ಇನ್ನೊಂದು ತುತ್ತು. ತಟ್ಟೆ ಖಾಲಿಯಾಗುವ ಹೊತ್ತಿಗೆ ಮೊಟ್ಟೆ ಆರಿ ತಣ್ಣಗಾಗಿ, ಅಕ್ಕನ ಹೊಲಿಗೆ ಗಿರಾಕಿಗಳು ಕಾದು ಕಾದು ವಾಪಸ್ ಹೋಗಿದ್ದರು.

ಭಾವನೂ ಸುಮ್ಮನಿರಲಿಲ್ಲ. ನಾದಿನಿ ಒಬ್ಬಳೇ ತಿನ್ನುವುದು ಕಷ್ಟ ಎಂದು ಅವಳ ಜೊತೆಗೆ ತಾನೂ ತಿನ್ನತೊಡಗಿದ. ಅವಳಿಗೆ ಬಾದಾಮಿ, ಅವನಿಗೂ ಬಾದಾಮಿ. ಅವಳ ಬ್ರೆಡ್ಡಿಗೆ ಬೆಣ್ಣೆ, ಅವನದಕ್ಕೆ ಇನ್ನೂ ಸ್ವಲ್ಪ ಹೆಚ್ಚು. ತಿಂಗಳು ಕಳೆಯುವಷ್ಟರಲ್ಲಿ ಅವನ ಅಂಗಿಯ ಗುಂಡಿಗಳು ಅಕ್ಕನ ಬಳಿಗೆ ಒಂದೊಂದಾಗಿ ಹಿಂದಿರುಗಿದವು. "ಔಷಧಿ ಒಬ್ಬರಿಗೆ, ಗುಣ ಇನ್ನೊಬ್ಬರಿಗೆ" ಎಂದು ಅಕ್ಕ ಅವನ ತಟ್ಟೆಯನ್ನು ಎತ್ತಿಕೊಂಡಳು.

ಎಲ್ಲವೂ ನೆಟ್ಟಗೆ ಮೇಲಕ್ಕೆ ಹೋಗಲಿಲ್ಲ. ಮೊದಲು ಕೊಟ್ಟ ಮಾತ್ರೆಗೆ ಹಗಲೆಲ್ಲ ತೂಕಡಿಕೆ ಬಂತು, ಡಾಕ್ಟರಮ್ಮ ಬದಲಾಯಿಸಿದರು. ಹೊಸದು ಹಿಡಿಯಲು ವಾರಗಳು ಬೇಕಾದವು. ಆ ನಡುವೆ ಒಂದು ದಿನ ಹಳೆಯ ಸವಾರಿ ಪ್ಯಾಂಟು ಹಾಕಿ ನೋಡಿದಳು. ತೊಡೆಯಿಂದ ಮೇಲೇರಲಿಲ್ಲ. ಸಂಜೆ ಅಕ್ಕ ಬಂದು ನೋಡಿದರೆ ಅವಳು ಮೂರು ಉಣ್ಣೆ ಅಂಗಿ ಒಂದರ ಮೇಲೊಂದು ತೊಟ್ಟು ಮೆಟ್ಟಿಲನ್ನು ಹತ್ತಿ ಇಳಿದು, ಹತ್ತಿ ಇಳಿದು ಮಾಡುತ್ತಿದ್ದಳು. ಮುಖ ಕೆಂಪಾಗಿತ್ತು.

ಅಕ್ಕ ಮೆಟ್ಟಿಲಿಗೆ ಅಡ್ಡವಾಗಿ ಕೂತಳು. "ಹತ್ತು. ನನ್ನ ತುಳಿದು ಹತ್ತು."

"ಜರುಗು ಅಕ್ಕ."

"ಜರುಗಲ್ಲ. ನೀನೊಬ್ಬಳೇ ಹಠಮಾರಿ ಅಂದ್ಕೊಂಡಿದ್ದೀಯ? ಅಪ್ಪ ಸತ್ತಾಗಿಂದ ಈ ಮೊಂಡು ಪ್ರಾಣೀನ ಸಾಕಿದ್ದೀನಿ, ನನ್ನ ಹಠ ಎಷ್ಟಿರಬೇಕು ಲೆಕ್ಕ ಹಾಕು."

"ನನ್ನ ಮೈ ನನಗೆ ಹೊರೆ ಅನ್ನಿಸ್ತಿದೆ."

"ಅನ್ನಿಸಲಿ. ಹೊರೋಕೆ ನಾವಿಬ್ರಿದ್ದೀವಿ. ನೀನಿಲ್ದೇ ಹೋದ್ರೆ ಆ ಹೊರೆ ಹೊರೋಕೆ ನಮಗಾಗಲ್ಲ ಕಣೇ."

ಅಕ್ಕನ ದನಿ ಒಡೆದದ್ದು ಅದೊಂದೇ ಸಲ. ಸಾಸಿವೆ ಅಲ್ಲೇ ಮೆಟ್ಟಿಲ ಮೇಲೆ ಕೂತು ಉಣ್ಣೆ ಅಂಗಿಗಳನ್ನು ಒಂದೊಂದಾಗಿ ಬಿಚ್ಚಿದಳು. ಆ ವಾರದ ಮಾತಿನ ಸರದಿಯಲ್ಲಿ ಡಾಕ್ಟರಮ್ಮನಿಗೆ ಎಲ್ಲವನ್ನೂ ಮುಚ್ಚಿಡದೆ ಹೇಳಿದಳು. ಹಳೆಯ ಪ್ಯಾಂಟನ್ನು ಅಕ್ಕ ಕತ್ತರಿಸಿ ಸೈಕಲ್ಲಿನ ಗಾಲಿ ಒರೆಸಲು ಭಾವನಿಗೆ ಕೊಟ್ಟಳು.

ಒಳಗೆ ಬೆಳಕಾದದ್ದು ಒಂದೇ ಬೆಳಗಿನಲ್ಲಿ ಅಲ್ಲ. ಒಂದು ದಿನ ಭಾವ ಯಾವನೋ ಗಿರಾಕಿಯ ಅರ್ಧ ಮೀಸೆ ತಪ್ಪಿ ಬೋಳಿಸಿಬಿಟ್ಟು, ಇದೇ ಈಗ ಎಲ್ಲ ಕಡೆ ನಡೆಯುತ್ತಿರುವುದು ಎಂದು ನಂಬಿಸಿ ಕಳಿಸಿದ ಕಥೆ ಹೇಳುತ್ತಿದ್ದ. ಸಾಸಿವೆ ನಕ್ಕಳು. ನಕ್ಕ ಮೇಲೆ, ಅರೆ ನಾನು ನಕ್ಕೆನಲ್ಲ ಎಂದು ತಿಳಿಯಿತು. ಇನ್ನೊಂದು ದಿನ ಹಸಿವಾಯಿತು, ಬರೀ ಹಸಿವು, ಲೆಕ್ಕವಿಲ್ಲದ್ದು. ಕೈ ಬೆಚ್ಚಗಾಯಿತು. ಹಲವು ತಿಂಗಳ ಮೇಲೆ ಮುಟ್ಟು ಬಂತು, ಅಕ್ಕ ಮನೆಗೆ ಹಬ್ಬ ಬಂದಂತೆ ಓಡಾಡಿದಳು. ನಡುನಡುವೆ ಆ ಒದ್ದೆ ಕಂಬಳಿ ಮತ್ತೆ ಎದೆಯ ಮೇಲೆ ಬೀಳುತ್ತಿತ್ತು. ಬಿದ್ದ ದಿನ ಅವಳು ಅಕ್ಕನ ಅಂಗಡಿಗೆ ಇಳಿದು ಬಂದು, "ಇವತ್ತು ಭಾರ ಇದೆ" ಎಂದು ಹೇಳಿ, ಗುಂಡಿ ಹೊಲಿಯಲು ಕೂರುತ್ತಿದ್ದಳು.

ಮೇಷ್ಟ್ರು ಬಂದದ್ದು ಆ ಹೊತ್ತಿಗೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಕುರ್ಚಿಯಲ್ಲಿ ಕೂತರು. ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ತುಂಬ್ಕೊಂಡಿದ್ದೀಯ."

"ಹೌದು ಮೇಷ್ಟ್ರೇ."

"ಮೊಂಡಿ ಯಾರನ್ನೂ ಹತ್ತಿಸ್ಕೊಳ್ತಿಲ್ಲ. ಮುಂದಿನ ಋತುವಿಗೆ ಹಳೇ ತೂಕಕ್ಕೆ ಬಂದ್ರೆ ಕುದುರೆ ನಿಂದೇ."

"ಹಳೇ ತೂಕಕ್ಕೆ ಬರಲ್ಲ. ಆ ತೂಕದಲ್ಲಿ ನಾನು ಸಾಯೋದ್ರಲ್ಲಿದ್ದೆ."

ಅವಳು ದನಿ ಏರಿಸದೆ ಹೇಳಿದಳು. ಮೇಷ್ಟ್ರು ಏನಾದರೂ ಬಯ್ಯುತ್ತಾರೆ ಎಂದು ಅಕ್ಕ ಒಳಗಿನಿಂದ ಸೌಟು ಹಿಡಿದೇ ಬಂದಿದ್ದಳು. ಆದರೆ ಮೇಷ್ಟ್ರು ಬಯ್ಯಲಿಲ್ಲ, ಗೋಡೆ ನೋಡುತ್ತಾ ಮಾತಾಡಿದರು.

"ಸವಾರಿ ಬಿಟ್ಟ ವರ್ಷ ನಾನು ಹಾಸಿಗೆ ಬಿಟ್ಟು ಏಳ್ತಿರಲಿಲ್ಲ. ಹೆಂಡ್ತಿ ತಟ್ಟೆ ತಂದಿಟ್ರೆ ತಿಂತಿದ್ದೆ. ತಿಂದು ಗೋಡೆ ಕಡೆ ತಿರುಗ್ತಿದ್ದೆ. ಅಷ್ಟು ವರ್ಷ ಹಸ್ಕೊಂಡಿದ್ದಕ್ಕೆ ಈಗ ತಿಂತಾನೆ ಅಂತ ಎಲ್ರೂ ಅಂದ್ರು. ಈಗ್ಲೂ ಕೆಲವು ದಿನ ಹಾಗೇ ಇರುತ್ತೆ. ಲಾಯಕ್ಕೆ ಬರ್ತೀನಿ, ಕೂಗಾಡ್ತೀನಿ. ಒಳಗೆ ಏನೂ ಇರಲ್ಲ."

"ಯಾರಿಗಾದ್ರೂ ಹೇಳಿದ್ರಾ?"

"ಈಗ ಹೇಳ್ತಿದ್ದೀನಲ್ಲ."

"ನಾಳೆ ನನ್ನ ಜೊತೆ ಆಸ್ಪತ್ರೆಗೆ ಬನ್ನಿ."

"ನಂಗೇನು ಕೊಬ್ಬಿಗೆ ಬರವಾ?" ಎಂದು ಮೇಷ್ಟ್ರು ತಮ್ಮ ಹೊಟ್ಟೆ ತಟ್ಟಿಕೊಂಡರು. ಆದರೂ ಬಂದರು.

ಡಾಕ್ಟರಮ್ಮ ಅವರ ಸೊಂಟದ ಸುತ್ತ ಟೇಪು ಹಿಡಿದು ಅಳೆದು, ರಕ್ತ ಪರೀಕ್ಷೆ ಮಾಡಿಸಿ ಹೇಳಿದರು: "ಕೊಬ್ಬು ಇಲ್ದೇ ಇದ್ರೂ ತೊಂದರೆ, ಹೊಟ್ಟೆ ಸುತ್ತ ಗುಡ್ಡೆ ಬಿದ್ರೂ ತೊಂದರೆ. ಅಲ್ಲಿ ಕೂತಿರೋ ಕೊಬ್ಬು ಸುಮ್ನೆ ಕೂತಿರಲ್ಲ. ಮೈಯೊಳಗೆ ಸಣ್ಣ ಉರೀಲಿ ಬೇಯಿಸೋ ಹಾಗೆ ಒಂದು ಉರಿಯೂತ ಇಟ್ಟಿರುತ್ತೆ. ಅದರ ಕಾವು ಮಿದುಳಿಗೂ ತಟ್ಟುತ್ತೆ, ಮನಸ್ಸು ಕುಗ್ಗಿಸುತ್ತೆ. ಮನಸ್ಸು ಕುಗ್ಗಿದವನು ಹೊಟ್ಟೆ ಬೆಳೆಸ್ತಾನೆ. ಒಂದಕ್ಕೊಂದು ಗಂಟು. ಬಿಡಿಸಬಹುದು, ನಿಧಾನಕ್ಕೆ. ಆದ್ರೆ ಉಪವಾಸದಿಂದ ಅಲ್ಲ." ಮೇಷ್ಟ್ರಿಗೆ ದಿನಕ್ಕೆರಡು ಹೊತ್ತು ನಡಿಗೆ, ಒಂದು ಮಾತ್ರೆ ಮತ್ತು ವಾರಕ್ಕೊಮ್ಮೆ ಮಾತಿನ ಸರದಿ ಗೊತ್ತಾಯಿತು. ಬೀದಿಯಲ್ಲಿ ಸಾಸಿವೆ ಮೇಷ್ಟ್ರು ಇಬ್ಬರೂ ಜೊತೆಯಲ್ಲಿ ನಡೆಯುವುದನ್ನು ಕಂಡ ಭಾವ, ಕಡ್ಡಿ ಮತ್ತು ಡೋಲು ಹೊರಟವು ಎಂದು ಅಂಗಡಿಯ ಬಾಗಿಲಿಂದ ಕೂಗಿ ಹೇಳಿದ.

ಆ ನಡಿಗೆಯಲ್ಲೇ ಸಾಸಿವೆ ತನ್ನ ತೀರ್ಮಾನ ತಿಳಿಸಿದಳು. ರೇಸ್ ಕೋರ್ಸ್ ಸಮಿತಿಗೆ ಹೋಗಿ, ಸವಾರರ ಕನಿಷ್ಠ ತೂಕವನ್ನು ಏರಿಸಲಿ, ಋತು ಶುರುವಾಗುವ ಮೊದಲು ಪ್ರತಿ ಸವಾರನನ್ನೂ ಡಾಕ್ಟರು ಪರೀಕ್ಷಿಸಲಿ, ತೂಕ ಮಾತ್ರವಲ್ಲ ಮೈಯ ಕೊಬ್ಬನ್ನೂ ಮನಸ್ಸನ್ನೂ ನೋಡಲಿ ಎಂದು ಕೇಳುವುದು.

"ಒಪ್ಪಲ್ಲ" ಅಂದರು ಮೇಷ್ಟ್ರು.

"ಒಪ್ಪೋವರೆಗೂ ಕೇಳ್ತೀನಿ."

"ಕಲ್ಲಿನ ಮೇಲೆ ನೀರು ಸುರಿದ ಹಾಗೆ."

"ದಿನಾ ಸುರಿದ್ರೆ ಕಲ್ಲೂ ಸವೆಯುತ್ತೆ ಮೇಷ್ಟ್ರೇ."

ಮೊದಲ ಸಲ ಸಮಿತಿಯವರು ಅವಳನ್ನು ಒಳಗೇ ಬಿಡಲಿಲ್ಲ. ಎರಡನೆಯ ಸಲ ಒಳಗೆ ಬಿಟ್ಟು ನಿಲ್ಲಿಸಿಯೇ ಕಳಿಸಿದರು. ಅವಳು ಉಳಿದ ಸವಾರರ ಮನೆಮನೆಗೆ ಹೋದಳು. ತೂಕ ಇಳಿಸಲೆಂದು ರೇಸ್ ಕೋರ್ಸಿನಲ್ಲಿದ್ದ ಹಬೆ ಕೋಣೆಯಲ್ಲಿ ಬೆವರು ಸುರಿಸುವಾಗ ಕಣ್ಣು ಕತ್ತಲಿಟ್ಟು ಬಿದ್ದವನು, ಊಟದ ನಂತರ ಗಂಟಲಿಗೆ ಬೆರಳು ಹಾಕಿ ಕಕ್ಕುವವನು, ಹೆಂಡತಿಯ ಜೊತೆ ಮಾತು ಬಿಟ್ಟವನು, ಒಬ್ಬೊಬ್ಬರೇ ಬಾಗಿಲು ಹಾಕಿಕೊಂಡು ಪಿಸುಮಾತಿನಲ್ಲಿ ಹೇಳಿದರು. ಮುಂದಿನ ಸಭೆಗೆ ಅವಳ ಹಿಂದೆ ಆ ಸವಾರರೂ ಇದ್ದರು, ಮೇಷ್ಟ್ರೂ ಇದ್ದರು, ರಜೆ ಹಾಕಿ ಬಂದ ಡಾಕ್ಟರಮ್ಮನೂ ಇದ್ದರು.

ಉದ್ದನೆಯ ಮೇಜು. ಗೋಡೆಯ ಮೇಲೆ ಗೆದ್ದ ಕುದುರೆಗಳ ಚಿತ್ರಗಳು. ಸಾಸಿವೆ ತನಗೆ ಆದದ್ದನ್ನು ಇದ್ದ ಹಾಗೆ ಹೇಳಿದಳು. ಬೇಲಿಯ ಕಂಬಗಳ ಪಕ್ಕ ಲಗಾಮು ಬಿಡಬೇಕೆನಿಸಿದ್ದನ್ನೂ ಮುಚ್ಚಿಡಲಿಲ್ಲ. ಕೆಲವರು ಕತ್ತು ತಗ್ಗಿಸಿದರು. ಭಾರ ಹೆಚ್ಚಿದರೆ ಕುದುರೆಯ ಕಾಲಿನ ಗತಿ ಏನು ಎಂದು ಒಬ್ಬರು ಕೇಳಿದರು. ಇನ್ನೆರಡು ಕಿಲೋ ಹೊತ್ತರೆ ತಮ್ಮ ಯಾವ ಕುದುರೆಯೂ ಕುಂಟುವುದಿಲ್ಲ, ಸವಾರ ಮೂರ್ಛೆ ಬಿದ್ದರೆ ಕುದುರೆ ಸವಾರ ಇಬ್ಬರೂ ಹೋಗುತ್ತಾರೆ ಎಂದು ಮೇಷ್ಟ್ರು ಉತ್ತರ ಕೊಟ್ಟರು.

ಮೇಜಿನ ತುದಿಯಲ್ಲಿದ್ದ ಹಿರಿಯ ಸದಸ್ಯರೊಬ್ಬರು ಪಕ್ಕದವರ ಕಿವಿಗೆಂದು ಹೇಳಿದ ಮಾತು ಎಲ್ಲರಿಗೂ ಕೇಳಿಸಿತು. "ಈ ಹುಡುಗಿಗೆ ಕೊಬ್ಬು ಜಾಸ್ತಿಯಾಗಿದೆ."

"ಆಗಿದೆ ಸಾರ್" ಅಂದಳು ಸಾಸಿವೆ. "ಒಂದು ವರ್ಷ ಕಷ್ಟಪಟ್ಟು ಸಂಪಾದಿಸಿದ್ದೀನಿ. ಇನ್ನು ಯಾರು ಹೇಳಿದ್ರೂ ಕಳ್ಕೊಳ್ಳಲ್ಲ."

ಹಿಂದೆ ನಿಂತಿದ್ದ ಸವಾರರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರೂ ನಗು ತಡೆಯಲು ಕೆಮ್ಮಿದರು. ಹಿರಿಯರು ಮಾತ್ರ ನಗಲಿಲ್ಲ.

ಕೇಳಿದ್ದೆಲ್ಲ ಸಿಗಲಿಲ್ಲ. ಕನಿಷ್ಠ ತೂಕ ಏರಿತು, ಅವಳು ಕೇಳಿದ್ದರ ಅರ್ಧದಷ್ಟು. ಡಾಕ್ಟರ ಪರೀಕ್ಷೆ ಕಡ್ಡಾಯವಾಯಿತು, ಹಬೆ ಕೋಣೆಗೆ ಬೀಗ ಬಿತ್ತು. ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು ಎಂದು ಭಾವ ಅಂದಾಗ, ಇಲಿಯೇ ಆಗಲಿ, ಮುಂದಿನ ವರ್ಷ ಇನ್ನಷ್ಟು ಅಗೆಯುತ್ತೇನೆ ಎಂದು ಅವಳು ಮತ್ತೆ ಸವಾರರ ಮನೆಗಳಿಗೆ ಹೊರಟಳು.

ಡಾಕ್ಟರಮ್ಮ ಒಪ್ಪಿಗೆ ಕೊಟ್ಟ ಮೇಲೆ ಮೊದಲು ಬೆಳಗಿನ ಅಭ್ಯಾಸಕ್ಕೆ, ಆಮೇಲೆ ಪಂದ್ಯಕ್ಕೆ ಇಳಿದಳು. ಮಾತ್ರೆ ಇನ್ನೂ ನಡೆಯುತ್ತಿತ್ತು, ಅದನ್ನು ಅವಳು ಯಾರಿಂದಲೂ ಮುಚ್ಚಿಡಲಿಲ್ಲ. ಹೊಸ ತೂಕದಲ್ಲಿ ಮೊಂಡಿಯ ಮೇಲೆ ಓಡಿದ ಮೊದಲ ಪಂದ್ಯದಲ್ಲಿ ನಾಲ್ಕನೆಯವಳಾಗಿ ಬಂದಳು. ಬೇಲಿಗೆ ಒರಗಿ ನಿಂತಿದ್ದ ಅಕ್ಕ ಭಾವ ಇಬ್ಬರೂ ಏನು ಸಮಾಧಾನ ಹೇಳುವುದು ಎಂದು ಯೋಚಿಸುತ್ತಿದ್ದರು.

ಸಾಸಿವೆ ಕುದುರೆಯಿಂದ ಜಿಗಿದು, ತಕ್ಕಡಿ ಹತ್ತಿ ಇಳಿದವಳೇ ಮೇಷ್ಟ್ರ ಕಡೆ ನುಗ್ಗಿದಳು. ಮುಖ ಕೆಂಡವಾಗಿತ್ತು. "ತಿರುವಲ್ಲಿ ಕಾಯಬೇಕು ಅಂದಿದ್ದು ನೀವು. ನಾನು ಆಗಲೇ ಓಡೋಕೆ ಬಿಟ್ಟಿದ್ರೆ ಎರಡನೇ ಜಾಗ ಎಲ್ಲೂ ಹೋಗ್ತಿರಲಿಲ್ಲ."

"ಬಿಟ್ಟಿದ್ರೆ ಕೊನೇಲಿ ಅದರ ಉಸಿರು ಕಟ್ತಿತ್ತು. ನನಗೆ ಕುದುರೆ ಹೇಳ್ಕೊಡಬೇಡ."

"ಅದರ ಉಸಿರು ನಿಮಗಿಂತ ನನಗೆ ಗೊತ್ತು."

ಇಬ್ಬರೂ ಜಗಳವಾಡುತ್ತಲೇ ಬೆವರಿದ ಮೊಂಡಿಯನ್ನು ನಡುವೆ ನಡೆಸಿಕೊಂಡು ಲಾಯದ ಕಡೆ ಹೊರಟರು. ಅಕ್ಕ ಬೇಲಿಯ ಆಚೆಯಿಂದ, ಎಷ್ಟೋ ದಿನದ ಮೇಲೆ ಸಿಡಿದ ತಂಗಿಯ ಬೈಗುಳವನ್ನು ಕಿವಿ ತುಂಬ ಕೇಳುತ್ತಾ ನಿಂತಳು. ಆಮೇಲೆ ಭಾವನ ಕಡೆ ತಿರುಗಿ, "ನಡೀರಿ, ಅಂಗಡಿ ತೆಗೀಬೇಕು" ಅಂದಳು.